ಕಿವಿಯ ಮಟ್ಟಿಗೆ ಆಕ್ಷೇಪಣೆ ಇಲ್ಲ

ಆಚಾರ್ಯ: ಕಿವಿಯಂತೆ ಕಿವಿ! ನನ್ನ ಕಿವಿಗೆ ಏನಾಗಿದೆ? ನೋಡು, ಎರಡೂ ಇದಾವೆ. ಬೇಕಿದ್ರೆ ಎಳೆದು ನೋಡು.

ಹೆಂಡತಿ: ಎಳೆದು ನೋಡೋ ಆಸೆ ಮದುವೆ ಆದಾಗಿಂದ ಇದೆ. ಈಗ ವಿಷಯ ಅದಲ್ಲ. ಅಷ್ಟು ದೊಡ್ಡ ಮನುಷ್ಯ ತಲೆಬಾಗಿ ಕ್ಷಮೆ ಕೇಳಿದಾನೆ ರೀ!

ಆಚಾರ್ಯ: ಯಾವುದಕ್ಕೆ ಕೇಳಿದಾನೆ? ಇನ್ನೊಂದ್ಸಲ ಓದು. ಜೋರಾಗಿ ಓದು.

ಹೆಂಡತಿ: "ಮಾನ್ಯರೇ, ಮೂವತ್ತೆರಡು ವರ್ಷಗಳ ಹಿಂದೆ ಯೌವನದ ದುಡುಕಿನಲ್ಲಿ ನನ್ನಿಂದ ತಮ್ಮ..." ಇಲ್ಲೊಂದು ಗೆರೆ ಹಾಕಿದಾರೆ, ಗೆರೆ ಮೇಲೆ ಪೆನ್ನಲ್ಲಿ ತುಂಬಿದಾರೆ... "ಎಡಗಿವಿಗೆ ಆದ ನೋವಿಗಾಗಿ ಮನಃಪೂರ್ವಕ ಕ್ಷಮೆ ಯಾಚಿಸುತ್ತೇನೆ."

ಆಚಾರ್ಯ: ಎಡಗಿವಿ! ಹೊಡೆದಿದ್ದು ಹಲ್ಲಿಗೆ, ಕ್ಷಮೆ ಕಿವಿಗೆ! ಅಂದ್ರೆ ಕಿವಿ ಹರಿಸ್ಕೊಂಡ ಯಾವನೋ ಪಾಪದವನು ಈಗ ಕನ್ನಡಿ ಮುಂದೆ ನಿಂತು ತನ್ನ ಹಲ್ಲು ಎಣಿಸ್ತಾ ಇರ್ತಾನೆ.

ಆಚಾರ್ಯರ ಪೂರ್ತಿ ಬಿರುದು ದಂತಾಚಾರ್ಯ. ಯಾವ ಪೀಠವೂ ಕೊಟ್ಟದ್ದಲ್ಲ, ಗೆಳೆಯರು ಗೇಲಿಗೆ ಇಟ್ಟದ್ದು. ಅವರು ಹಲ್ಲಿನ ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಆ ಅಚ್ಚಿಗೆ ತಕ್ಕಂತೆ ಹಲ್ಲಿನ ಸೆಟ್ಟು ಕಟ್ಟಿಕೊಡುವುದು ಇವರ ಕಸುಬು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಸಾಲುಸಾಲು ಪ್ಲಾಸ್ಟರಿನ ದವಡೆಗಳು, ಒಂದೊಂದರ ಹಣೆಯ ಮೇಲೂ ಒಂದು ನಂಬರು. ಹೆಸರಿಲ್ಲ, ಊರಿಲ್ಲ, ನಂಬರೇ ನರಮನುಷ್ಯ. ಬೀದಿಯಲ್ಲಿ ಯಾರಾದರೂ ನಕ್ಕರೆ ಆಚಾರ್ಯರು ಮುಖ ನೋಡುವುದಿಲ್ಲ. "ಓಹೋ, ಇನ್ನೂರ ಆರು, ಚೆನ್ನಾಗಿದಾರೆ" ಎಂದುಕೊಂಡು ಮುಂದೆ ಹೋಗುತ್ತಾರೆ.

ಕೆಲಸದ ಮೇಜಿನ ಬಲಗಡೆ ಹಲ್ಲು ಉಜ್ಜುವ ಮೋಟಾರು. ಎಡಗಡೆ ಹೆಂಡತಿಯ ಕುರ್ಚಿ. ಮೋಟಾರು ನಿಂತಿದ್ದರೂ ನಿಲ್ಲದಿದ್ದರೂ ಎಡಗಡೆಯ ಮಾತು ನಡೆಯುತ್ತಲೇ ಇರುತ್ತದೆ.

ಇವತ್ತು ಮೂರನೆಯವನೊಬ್ಬ ಇದ್ದ. ಹೆಂಡತಿಯ ತಮ್ಮ. ಕೋರ್ಟಿನ ಎದುರಿನ ಮರದಡಿ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಹೊಡೆಯುವವನು. ಅದೇ ಯಂತ್ರವನ್ನು ಹೊತ್ತು ತಂದು, ಮೂಲೆಯ ಸ್ಟೂಲಿನ ಮೇಲೆ ಪ್ರತಿಷ್ಠಾಪಿಸಿ, ನಡುವೆ ಕಾರ್ಬನ್ ಇಟ್ಟು ಮೂರು ಹಾಳೆ ಸಿಕ್ಕಿಸಿ ಸಿದ್ಧನಾಗಿ ಕೂತಿದ್ದ. ಕ್ಷಮಾದಾನ ಮಂಡಳಿಯ ವಿಚಾರಣೆ ನಾಳೆ ಹನ್ನೊಂದಕ್ಕೆ. ಏಟು ತಿಂದ ಎಂಟು ಮಂದಿಯ ಉತ್ತರವೂ ಇವತ್ತು ಸಂಜೆ ಐದರೊಳಗೆ ಮಂಡಳಿಯ ಕಚೇರಿ ಸೇರಬೇಕು. ಏಳು ಮಂದಿ "ಆಕ್ಷೇಪಣೆ ಇಲ್ಲ" ಎಂದು ಬರೆದುಕೊಟ್ಟಾಗಿತ್ತು. ಒಬ್ಬರು ಆಕ್ಷೇಪಿಸಿದರೂ ಅರ್ಜಿ ಬಿದ್ದುಹೋಗುತ್ತದೆ. ಹೀಗೆ ಒಬ್ಬ ಮಹಾನಟನ ಭವಿಷ್ಯ ಪ್ಲಾಸ್ಟರಿನ ಪುಡಿ ಮೆತ್ತಿದ ಒಂದು ಏಪ್ರನ್ನಿನ ಜೇಬಿಗೆ ಬಂದು ಬಿದ್ದಿತ್ತು.

ಭಾವಮೈದ: ಭಾವ, ಮೂರೂವರೆ ಆಯ್ತು. ಏನು ಹೊಡೀಲಿ?

ಆಚಾರ್ಯ: ಆಕ್ಷೇಪಣೆ ಇದೆ ಅಂತ ಹೊಡಿ.

ಹೆಂಡತಿ: ಇಲ್ಲ ಅಂತ ಹೊಡಿಯೋ!

ಭಾವಮೈದ: ಬೇಕಾದ್ರೆ ಮಧ್ಯದ ದಾರಿ ಒಂದಿದೆ. "ಕಿವಿಯ ಮಟ್ಟಿಗೆ ಆಕ್ಷೇಪಣೆ ಇಲ್ಲ. ಹಲ್ಲಿನ ಹಕ್ಕನ್ನು ಕಾಯ್ದಿರಿಸಲಾಗಿದೆ."

ಆಚಾರ್ಯ: ಭೇಷ್! ಕಿವೀನ ಧಾರಾಳವಾಗಿ ಕ್ಷಮಿಸ್ತೀನಿ. ಬೇಕಿದ್ರೆ ಮೂಗನ್ನೂ ಸೇರಿಸ್ಕೋ.

ಹೆಂಡತಿ: ಇದೇನು ತಮಾಷೆನಾ? ಅವನು ಈಗ ಹೇಗಿದಾನೆ ಅಂತ ಗೊತ್ತಾ ನಿಮಗೆ? ಕುಡಿಯಲ್ಲ, ಸೇದಲ್ಲ, ಬೈಯಲ್ಲ. ವರ್ಷಕ್ಕೆ ನಾಲ್ಕು ಸಲ ರಕ್ತ ಕೊಡ್ತಾನೆ.

ಆಚಾರ್ಯ: ಆವತ್ತು ತೆಗೆದಿದ್ದನ್ನ ಕಂತಿನಲ್ಲಿ ವಾಪಸ್ ಕೊಡ್ತಿದಾನೆ.

ಹೆಂಡತಿ: ತಾಳ್ಮೆ ಬಗ್ಗೆ ಊರೂರಿಗೆ ಹೋಗಿ ಭಾಷಣ ಮಾಡ್ತಾನೆ.

ಆಚಾರ್ಯ: ಸಿನಿಮಾ ಟಿಕೆಟ್ಟಿನ ಸಾಲಿನಲ್ಲಿ ಹತ್ತು ನಿಮಿಷ ನಿಲ್ಲೋಕಾಗದೆ ಎಂಟು ಜನಕ್ಕೆ ಹೊಡೆದವನು!

ಹೆಂಡತಿ: ಆಗ ಅವನಿಗೆ ಹದಿನೆಂಟು ವರ್ಷ. ಎಂಟು ತಿಂಗಳು ಜೈಲಲ್ಲೂ ಇದ್ದು ಬಂದ. ಈಗ ಮಕ್ಕಳಿಗೆ ಅಂತ ಬಾಕ್ಸಿಂಗ್ ಶಾಲೆ ತೆರೀಬೇಕು ಅಂತಿದಾನೆ. ಹಳೇ ಕೇಸು ಇರೋದ್ರಿಂದ ಪರವಾನಗಿ ಸಿಗ್ತಿಲ್ಲ. ಅದಕ್ಕೇ ಈ ಕ್ಷಮಾದಾನ.

ಆಚಾರ್ಯ: ಏನು ಶಾಲೆ?

ಹೆಂಡತಿ: ಬಾಕ್ಸಿಂಗ್.

ಆಚಾರ್ಯ: (ಕೈಯಲ್ಲಿದ್ದ ದವಡೆಯನ್ನು ಮೇಜಿನ ಮೇಲಿಟ್ಟು) ಅಂದ್ರೆ ನನ್ನ ಎರಡು ಹಲ್ಲು ಅವನ ವಿದ್ಯಾರ್ಹತೆ!

ಭಾವಮೈದನ ಯಂತ್ರ ಟಕಟಕ ಎಂದಿತು.

ಆಚಾರ್ಯ: ಏನೋ ಹೊಡೀತಿದೀಯ?

ಭಾವಮೈದ: "ನನ್ನ ಎರಡು ಹಲ್ಲು ಅರ್ಜಿದಾರರ ವಿದ್ಯಾರ್ಹತೆಯಾಗಿರುತ್ತದೆ." ಕಸುಬಿನ ಚಾಳಿ ಭಾವ, ಎದುರಿಗೆ ಯಾರು ಏನು ಹೇಳಿದ್ರೂ ಬೆರಳು ತಾನಾಗೇ ಓಡುತ್ತೆ. ಮೊನ್ನೆ ಒಬ್ರು ಜಮೀನಿನ ಅರ್ಜಿ ಹೇಳ್ತಾ ಹೇಳ್ತಾ ಮಗಳ ಜೊತೆ ಫೋನಿನಲ್ಲಿ ಜಗಳ ಆಡಿದ್ರು. ಅಷ್ಟೂ ತಹಸೀಲ್ದಾರರ ಹತ್ರ ಹೋಯ್ತು.

ಹೆಂಡತಿ: ಅದನ್ನ ಕಿತ್ತು ಹಾಕು. ರೀ, ನಿಮಗೆ ಒಂದು ಮಾತು ಕೇಳ್ತೀನಿ. ಆವತ್ತು ಅವನು ಹೊಡೀದೇ ಇದ್ದಿದ್ರೆ ನಾನು ನಿಮಗೆ ಸಿಗ್ತಿದ್ನಾ?

ಈ ಪ್ರಶ್ನೆ ಬಂದೇ ಬರುತ್ತದೆಂದು ಆಚಾರ್ಯರಿಗೆ ಗೊತ್ತಿತ್ತು. ಏಟು ಬಿದ್ದು ಎರಡು ತಿಂಗಳ ಮೇಲೆ, ಬಸ್ ನಿಲ್ದಾಣದಲ್ಲಿ, ಇಪ್ಪತ್ತು ವರ್ಷದ ಅವರು ಪಕ್ಕದಲ್ಲಿ ನಿಂತಿದ್ದ ಹುಡುಗಿಯನ್ನು "ಸಮಯ ಎಷ್ಟು?" ಎಂದು ಸಭ್ಯವಾಗಿ ಕೇಳಿದ್ದರು. ಮುಂದಿನ ಹಲ್ಲಿಲ್ಲದ ಕಂಡಿಯಿಂದ ಸಮಯದ ಬದಲು ಉದ್ದನೆಯ ಸಿಳ್ಳೆ ಹೊರಟಿತು. ಹುಡುಗಿ ಕೊಡೆ ಮಡಚಿದಳು. ಆಮೇಲಿನದು ಸಂಸಾರ.

ಹೆಂಡತಿ: ಹೇಳಿ. ಆ ಹಲ್ಲು ಹೋಗದೆ ಸಿಳ್ಳೆ ಇಲ್ಲ, ಸಿಳ್ಳೆ ಇಲ್ಲದೆ ನಾನಿಲ್ಲ. ಹೌದೋ ಅಲ್ವೋ?

ಆಚಾರ್ಯ: (ಭಾವಮೈದನಿಗೆ) ಅದನ್ನೂ ಅಪರಾಧದ ಪಟ್ಟಿಗೆ ಸೇರಿಸು.

ಹೆಂಡತಿ: ಏನಂದ್ರಿ?

ಆಚಾರ್ಯ: ಅವನು ಹೊಡೆದಿದ್ದು ಒಂದೇ ಏಟು ಕಣೇ. ಕೊಡೇಲಿ ನೀನು ಕೊಟ್ಟಿದ್ದು ಮೂರು. ಅದಕ್ಕೆ ಇವತ್ತಿನವರೆಗೆ ಒಂದು ಪತ್ರ ಬಂದಿಲ್ಲ ನನಗೆ. ಕಿವಿ ಹೆಸರಲ್ಲೂ ಬಂದಿಲ್ಲ!

ಭಾವಮೈದ ನಗು ತಡೆಯಲಾರದೆ ಯಂತ್ರದ ಹಿಂದೆ ತಲೆ ಬಗ್ಗಿಸಿದ. ಹೆಂಡತಿ ಎದ್ದು ಒಳಗೆ ಹೋದಳು. ಹೋದದ್ದು ಸೋತು ಅಲ್ಲ, ಅಸ್ತ್ರ ತರಲು. ಬಂದಾಗ ಕೈಯಲ್ಲಿ ಸುರುಳಿ ಸುತ್ತಿದ ಪೋಸ್ಟರು.

ಈ ಮನೆಯಲ್ಲಿ ಆ ನಟನ ಹೆಸರು ಹೇಳುವಂತಿಲ್ಲ. ಊರೆಲ್ಲ ಅವನನ್ನು ನಗೆರಾಯ ಎನ್ನುತ್ತದೆ. ಇಲ್ಲಿ ಬರೀ "ಅವನು". ಅವನ ಮುಖ ನೋಡುವುದಿಲ್ಲವೆಂದು ಆಚಾರ್ಯರದು ಭೀಷ್ಮಪ್ರತಿಜ್ಞೆ. ಮೂವತ್ತೆರಡು ವರ್ಷದಿಂದ ಚಿತ್ರಮಂದಿರದ ಹೊಸ್ತಿಲು ತುಳಿದಿಲ್ಲ. ರಸ್ತೆಯಲ್ಲಿ ಅವನ ಕಟೌಟು ಕಂಡರೆ ಎದುರಿನ ಗೋಡೆಯ ಸಾಲಮೇಳದ ಜಾಹೀರಾತನ್ನು ಭಕ್ತಿಯಿಂದ ಓದುತ್ತ ದಾಟುತ್ತಾರೆ. ಹೆಂಡತಿಯಾದರೋ ಬೀರುವಿನ ಬಾಗಿಲಿನ ಒಳಮೈಗೆ ಅವನ ಪೋಸ್ಟರು ಅಂಟಿಸಿಕೊಂಡು, ಸೀರೆ ತೆಗೆಯುವ ನೆಪದಲ್ಲಿ ದಿನಕ್ಕೆರಡು ಸಲ ದರ್ಶನ ಮಾಡುತ್ತಿದ್ದಳು.

ಹೆಂಡತಿ: ಒಂದೇ ಒಂದ್ಸಲ ಈ ನಗು ನೋಡಿ. ಹೀಗೆ ನಗೋನ ಮನಸ್ಸಲ್ಲಿ ಕಲ್ಮಶ ಇರುತ್ತಾ? ನೀವೇ ಹೇಳಿ.

ಆಚಾರ್ಯ: (ಕಣ್ಣು ಮುಚ್ಚಿ) ನೋಡಲ್ಲ.

ಹೆಂಡತಿ: ನೋಡಿ ಅಂದೆ.

ಆಚಾರ್ಯ: ಜೀವ ಹೋದ್ರೂ ನೋಡಲ್ಲ.

ಹೆಂಡತಿ: ಇಪ್ಪತ್ನಾಲ್ಕು ವರ್ಷದಿಂದ ಈ ನಗು ನೋಡ್ತಿದೀನಿ. ಆಮೇಲೆ ಇಲ್ಲಿ ಬಂದು ನಿಮ್ಮ ಮುಖ ನೋಡ್ತೀನಿ. ಹಲ್ಲು ಕಟ್ಟೋದೇ ಕಸುಬು, ಒಂದು ದಿನ ಹಲ್ಲು ಬಿಟ್ಟು ನಕ್ಕಿದೀರಾ? ಮಗಳ ಮದುವೆ ಫೋಟೋದಲ್ಲೂ ಜಾಮೀನು ಸಿಗದವರ ಥರ ನಿಂತಿದೀರ. ಅವನ ನಗು ನೋಡಿ ಸ್ವಲ್ಪನಾದ್ರೂ ಕಲೀರಿ ಅಂತ ಬಡ್ಕೊಂಡು ಬಡ್ಕೊಂಡು ನನಗೆ ಸಾಕಾಯ್ತು.

ಆಚಾರ್ಯ: ಗೊತ್ತು. ನಿನ್ನ ಕುರ್ಚಿ ನನ್ನ ಎಡಪಕ್ಕದಲ್ಲೇ ಇದೆ.

ಅವರು ಕಣ್ಣು ತೆರೆದರು. ಪೋಸ್ಟರಿನ ಕಡೆಗಲ್ಲ, ಎದುರು ಗೋಡೆಯ ಕಡೆಗೆ. ಅಲ್ಲೊಂದು ತುತ್ತೂರಿ ನೇತುಹಾಕಿತ್ತು. ಅದರ ಬಾಯಂಚು ನಾಲ್ಕೈದು ಕಡೆ ಜಜ್ಜಿಹೋಗಿತ್ತು. ಪಕ್ಕದಲ್ಲಿ ಒಂದು ಫೋಟೋ. ಬ್ಯಾಂಡಿನ ಸಮವಸ್ತ್ರ, ತೋಳಿನಲ್ಲಿ ಅದೇ ತುತ್ತೂರಿ, ಮುಖದ ತುಂಬ ನಗು. ಎಡಗಡೆಯ ಮುಂದಿನ ಹಲ್ಲು ಬಲಗಡೆಯದರ ಮೇಲೆ ಚೂರೇ ಚೂರು ವಾಲಿತ್ತು, ಗೆಳೆಯನ ಹೆಗಲಿಗೆ ಕೈ ಹಾಕಿ ನಿಂತವನ ಹಾಗೆ.

ಆಚಾರ್ಯ: ನಗರದ ಬ್ಯಾಂಡಿಗೆ ಆಯ್ಕೆಯಾದ ದಿನ ತೆಗೆಸಿದ್ದು ಅದು. ಸೋಮವಾರ ಕೆಲಸಕ್ಕೆ ಸೇರಬೇಕಿತ್ತು. ಶನಿವಾರ ಸಿನಿಮಾಕ್ಕೆ ಹೋದೆ.

ಹೆಂಡತಿ: ಗೊತ್ತು ರೀ.

ಆಚಾರ್ಯ: ತುತ್ತೂರಿ ಊದೋಕೆ ಮುಂದಿನ ಹಲ್ಲು ಬೇಕು. ತುಟಿ ಒತ್ತಿಕೊಳ್ಳೋದೇ ಅದರ ಮೇಲೆ. ಕಟ್ಟಿಸಿಕೊಂಡ ಹಲ್ಲಿಟ್ಟು ಎರಡು ವರ್ಷ ಪ್ರಯತ್ನ ಮಾಡಿದೆ. ಸ್ವರಕ್ಕಿಂತ ಮೊದಲು ಹಲ್ಲು ಹೊರಗೆ ಬರ್ತಿತ್ತು. ಇನ್ನಾದ್ರೂ ಗಟ್ಟಿ ಸೆಟ್ಟು ಮಾಡೋಣ ಅಂತ ಈ ಕೆಲಸ ಕಲಿಯೋಕೆ ಹೋದೆ. ಕೆಲಸ ಬಂತು, ತುತ್ತೂರಿ ಬರಲಿಲ್ಲ.

ಟೈಪ್‌ರೈಟರು ಸುಮ್ಮನಿತ್ತು. ಹೆಂಡತಿ ಪೋಸ್ಟರನ್ನು ಮೆಲ್ಲಗೆ ಸುತ್ತತೊಡಗಿದಳು.

ಆಚಾರ್ಯ: ಕ್ಷಮಿಸಬಾರದು ಅಂತಲ್ಲ ಕಣೇ. ಅವನಿಗೆ ನೆನಪೇ ಇಲ್ವಲ್ಲ! ನೆನಪಿಲ್ಲದ ತಪ್ಪಿಗೆ ಯಾರು ಯಾರನ್ನ ಕ್ಷಮಿಸೋದು? ನಂದು ಹಲ್ಲು ಅಂತ ಒಬ್ಬ ಗುಮಾಸ್ತನಿಗಾದ್ರೂ ಸರಿಯಾಗಿ ಹೇಳಬಾರದಿತ್ತಾ? ಎಂಟು ಜನರ ಎಂಟು ಅಂಗ ನೆನಪಿಟ್ಟುಕೊಳ್ಳೋಕಾಗಲ್ಲ ಅಂದ್ರೆ ಎಂಟು ಜನಕ್ಕೆ ಹೊಡೀಬಾರದು!

ಭಾವಮೈದ ಮೂಗು ಒರೆಸಿಕೊಂಡ. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು.

ಬಾಗಿಲಲ್ಲಿ ಎತ್ತರದ ಒಬ್ಬ ಮನುಷ್ಯ. ತಲೆಗೆ ಟೊಪ್ಪಿ, ಕಣ್ಣಿಗೆ ಕಪ್ಪು ಕನ್ನಡಕ, ಮೂಗಿನಿಂದ ಕೆಳಕ್ಕೆ ಉಣ್ಣೆಯ ಮಫ್ಲರು.

ಗಿರಾಕಿ: ನಾನೂರ ಹದಿನೇಳು. ಫೆಟ್ಟು ಫಿದ್ಧ ಆಯ್ತಾ?

ಆಚಾರ್ಯರ ಮುಖದ ಮೇಲೆ ಕಸುಬಿನ ಕಳೆ ಬಂತು. ನಾನೂರ ಹದಿನೇಳು ಅವರ ಬಹಳ ಹಳೆಯ, ಬಹಳ ಪ್ರೀತಿಯ ನಂಬರು. ಐದಾರು ವರ್ಷಕ್ಕೊಮ್ಮೆ ಹೊಸ ಸೆಟ್ಟು ಕೇಳುತ್ತಿತ್ತು. ಯಾವತ್ತೂ ಡಾಕ್ಟರ ಮೂಲಕವೇ ಹೋಗುತ್ತಿತ್ತು. ಇವತ್ತು ಬೆಳಿಗ್ಗೆ ಡಾಕ್ಟರು ಪರವೂರಿನಿಂದ ಫೋನು ಮಾಡಿ, ಆ ಗಿರಾಕಿ ತನ್ನ ಸೆಟ್ಟಿನ ಮೇಲೆ ತಾನೇ ಕೂತು ಎರಡು ಹೋಳು ಮಾಡಿಕೊಂಡಿದ್ದಾರೆ, ನಾಳೆ ನಾಲ್ಕು ಜನರ ಮುಂದೆ ಮಾತಾಡುವುದಿದೆ, ಖುದ್ದು ಬರುತ್ತಾರೆ, ಕೂರಿಸಿ ಕೊಡಿ, ಹೆಸರು ಮಾತ್ರ ಕೇಳಬೇಡಿ ಎಂದಿದ್ದರು. ಹೆಸರು ಕೇಳುವ ಚಟ ಆಚಾರ್ಯರಿಗೆ ಎಲ್ಲಿತ್ತು?

ಆಚಾರ್ಯ: ಬನ್ನಿ ಬನ್ನಿ. ಹೊಳಪು ಕೊಡೋದೊಂದು ಬಾಕಿ, ಐದೇ ನಿಮಿಷ.

ಹೆಂಡತಿ: ಅಲ್ಲಿ ಬೆಂಚಿನ ಮೇಲೆ ಕೂತ್ಕೊಳ್ಳಿ. ಆ ದವಡೆ ಪಕ್ಕಕ್ಕೆ ಸರಿಸಿ. ಅದರ ಮೇಲೂ ಕೂತುಬಿಟ್ಟೀರಿ!

ಗಿರಾಕಿ ಮುದುಡಿಕೊಂಡು ಕೂತ. ಬೇರೆ ನ್ಯಾಯಾಧೀಶರು ಸಿಗದೆ ಪರದಾಡುತ್ತಿದ್ದ ಹೆಂಡತಿಗೆ ದೇವರೇ ಕಳಿಸಿದ ಹಾಗಾಯಿತು.

ಹೆಂಡತಿ: ಯಜಮಾನ್ರೇ, ನೀವು ಹೊರಗಿನವರು. ನ್ಯಾಯವಾಗಿ ಹೇಳಿ. ಹುಡುಗುಬುದ್ಧಿಲಿ ಹೊಡೆದು ಬಡಿದು ಮಾಡಿದವನೊಬ್ಬ ಆಮೇಲೆ ಒಳ್ಳೆಯವನಾದ, ದೊಡ್ಡವನಾದ ಅಂತಿಟ್ಕೊಳ್ಳಿ. ಅವನನ್ನ ಕ್ಷಮಿಸಬೇಕೋ ಬೇಡವೋ?

ಗಿರಾಕಿ: (ಮಫ್ಲರನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡು) ಯಾರು ಅವನು?

ಹೆಂಡತಿ: ಇನ್ಯಾರು, ನಗೆರಾಯ!

ಬೆಂಚು ಕಿರ್ ಎಂದಿತು.

ಆಚಾರ್ಯ: ಅವರನ್ನ ಯಾಕೆ ಎಳೀತೀಯ? ಪಾಪ, ಬಾಯಲ್ಲಿ ಹಲ್ಲಿಲ್ಲ. ಹೌದು, ನಿಮ್ಮ ಹಲ್ಲು ಹೇಗೆ ಹೋಯ್ತು? ಇಷ್ಟು ವರ್ಷ ಆಯ್ತು, ಕೇಳಿರಲೇ ಇಲ್ಲ.

ಗಿರಾಕಿ: ಕುದುರೆ ಒದೀತು. ಇಪ್ಪತ್ನಾಲ್ಕು ವರ್ಫ ಆಯ್ತು.

ಹೆಂಡತಿ: ನೋಡಿ! ಕುದುರೆ ಮೇಲೆ ಇವರೇನಾದ್ರೂ ಕೇಸು ಹಾಕಿದ್ರಾ? ಕ್ಷಮಿಸಿಬಿಟ್ರು.

ಆಚಾರ್ಯ: ಆ ಕುದುರೆ ಇವರ ಕಿವಿಗೆ ಕ್ಷಮೆ ಕೇಳಿ ಪತ್ರ ಕಳಿಸಲಿಲ್ಲ. ಅಷ್ಟು ಮರ್ಯಾದೆ ಇತ್ತು ಅದಕ್ಕೆ.

ಗಿರಾಕಿ: ಕಿವಿಗೆ?

ಭಾವಮೈದ: ಹೌದು ಸಾರ್. ಉದುರಿದ್ದು ನಮ್ಮ ಭಾವನ ಹಲ್ಲು. ಪತ್ರದಲ್ಲಿ ಎಡಗಿವಿ ಅಂತ ಬಂದಿದೆ. ಆಕ್ಷೇಪಣೆ ಹಾಕಬೇಕು ಅಂತ ಭಾವ, ಬೇಡ ಅಂತ ಅಕ್ಕ. ನಾನು ಮೂರು ಪ್ರತಿ ಇಟ್ಕೊಂಡು ಕೂತಿದೀನಿ.

ಗಿರಾಕಿ ಮೆಲ್ಲಗೆ ಕಪ್ಪು ಕನ್ನಡಕ ತೆಗೆದ. ಅವನ ಕಣ್ಣು ಗೋಡೆಯ ಮೇಲಿನ ತುತ್ತೂರಿಗೆ ಹೋಯಿತು, ಅಲ್ಲೇ ನಿಂತಿತು. ಯಾರೂ ಗಮನಿಸಲಿಲ್ಲ. ಆಚಾರ್ಯರು ಮೋಟಾರು ನಿಲ್ಲಿಸಿ, ಸೆಟ್ಟನ್ನು ನೀರಿನಲ್ಲಿ ತೊಳೆದು, ಬೆಳಕಿಗೆ ಹಿಡಿದು, ತಮ್ಮ ಸೃಷ್ಟಿಯನ್ನು ತಾವೇ ಮೆಚ್ಚಿ ತಲೆದೂಗಿದರು.

ಆಚಾರ್ಯ: ಇಲ್ಲಿ ಬೆಳಕಿಗೆ ಬನ್ನಿ. ಮಫ್ಲರ್ ಇಳಿಸಿ. ದೊಡ್ಡದಾಗಿ ಬಾಯಿ ತೆಗೀರಿ. ಹಾಂ. ಈಗ ಕಚ್ಚಿ. ಎಲ್ಲಾದ್ರೂ ಒತ್ತುತ್ತಾ? ಒತ್ತಲ್ವಾ? ಸ್ವಲ್ಪ ನಗಿ ನೋಡೋಣ.

ಗಿರಾಕಿ ನಗಲಿಲ್ಲ.

ಆಚಾರ್ಯ: ನಗಿ ಸ್ವಾಮಿ, ಇಲ್ಲಿ ಯಾರೂ ಬೇರೆಯವರಿಲ್ಲ. ಕೂತಿದೆಯೋ ಇಲ್ವೋ ನಕ್ಕಾಗಲೇ ಗೊತ್ತಾಗೋದು.

ಗಿರಾಕಿ ನಕ್ಕ.

ಹೆಂಡತಿಯ ಕೈಯಿಂದ ಪೋಸ್ಟರು ಜಾರಿ ನೆಲಕ್ಕೆ ಬಿದ್ದು ಸರಸರನೆ ತಾನೇ ಬಿಚ್ಚಿಕೊಂಡಿತು. ನೆಲದ ಮೇಲೊಂದು ನಗು, ನೆಲದಿಂದ ಆರಡಿ ಮೇಲೆ ಅದೇ ನಗು.

ಹೆಂಡತಿ: ಅಯ್ಯಯ್ಯೋ! ಇವನು... ಇವರು... ನಾನು ದವಡೆ ಸರಿಸಿ ಅಂತ ಗದರಿದೆನಲ್ಲೋ!

ಭಾವಮೈದ: (ಎದ್ದು ನಿಂತು, ಒಂದು ಕೈಯಲ್ಲಿ ಟೈಪು ಮಾಡುತ್ತಲೇ) ಭಾವ, ಇವರೇ ಅರ್ಜಿದಾರರು!

ಆಚಾರ್ಯರು ನೋಡಿದರು. ಮೂವತ್ತೆರಡು ವರ್ಷದ ಪ್ರತಿಜ್ಞೆ ಗಿರಾಕಿಯ ಬಾಯಿಯೊಳಗೆ ಬಿದ್ದು ಮುರಿಯಿತು. ಆದರೆ ಅವರು ನೋಡಿದ್ದು ಶತ್ರುವಿನ ಮುಖವನ್ನಲ್ಲ, ಅಭ್ಯಾಸಬಲದಿಂದ ಹಲ್ಲನ್ನು. ಎಡಗಡೆಯ ಮುಂದಿನ ಹಲ್ಲು ಬಲಗಡೆಯದರ ಮೇಲೆ ಚೂರೇ ಚೂರು ವಾಲಿತ್ತು. ಅವರು ಗೋಡೆಯ ಮೇಲಿನ ಫೋಟೋ ನೋಡಿದರು. ಮತ್ತೆ ಬಾಯಿ ನೋಡಿದರು. ನೆಲದ ಮೇಲಿನ ಪೋಸ್ಟರು ನೋಡಿದರು.

ಇಪ್ಪತ್ನಾಲ್ಕು ವರ್ಷದ ಹಿಂದೆ ಡಾಕ್ಟರು ಹೇಳಿ ಕಳಿಸಿದ್ದರು: ಈ ನಾನೂರ ಹದಿನೇಳರದು ಕಟ್ಟಿಸಿದ ಹಲ್ಲು ಅಂತ ಯಾರಿಗೂ ಗೊತ್ತಾಗಬಾರದು, ಹುಟ್ಟುಹಲ್ಲಿನ ಥರ ಸ್ವಲ್ಪ ಓರೆ ಇರಲಿ. ಎಂಥ ಓರೆ ಎಂದು ಹೇಳಿರಲಿಲ್ಲ. ಆಚಾರ್ಯರು ಗೋಡೆಯ ಕಡೆ ನೋಡಿ, ತಮ್ಮದೇ ಹಳೆಯ ಹಲ್ಲನ್ನು ಮೇಣದಲ್ಲಿ ಹಾಗೆಯೇ ನಿಲ್ಲಿಸಿಬಿಟ್ಟಿದ್ದರು. ಸ್ವಂತ ಬಾಯಿಗೆ ಮಾತ್ರ ಸಿಪಾಯಿಗಳಂಥ ನೆಟ್ಟನೆಯ ಹಲ್ಲು ಕಟ್ಟಿಕೊಂಡಿದ್ದರು, ಕನ್ನಡಿಯಲ್ಲಿ ತುತ್ತೂರಿ ನೆನಪಾಗದಿರಲಿ ಎಂದು.

ಆಚಾರ್ಯ: ಲೋ! ನನ್ನ ಹಲ್ಲು ಉದುರಿಸಿ ನನ್ನ ಹಲ್ಲಲ್ಲೇ ನಗ್ತಿದೀಯೇನೋ!

ಗಿರಾಕಿ: ನನಗೆ ಗೊತ್ತಿರಲಿಲ್ಲ. ಆಣೆ ಮಾಡಿ ಹೇಳ್ತೀನಿ...

ಆಚಾರ್ಯ: ತೆಗಿ. ಹೊರಗೆ ತೆಗಿ ಅದನ್ನ.

ಹೆಂಡತಿ: ರೀ, ಏನಿದು? ನಾಳೆ ಅವರಿಗೆ ವಿಚಾರಣೆ ಇದೆ!

ಆಚಾರ್ಯ: ನೀನು ಸುಮ್ನಿರು. (ಕೈ ಚಾಚಿ) ಕೊಡು ಇಲ್ಲಿ.

ನೂರಾರು ಖಳರನ್ನು ಒಂದೇ ಕೈಯಲ್ಲಿ ಬಡಿದ ಮಹಾವೀರ ವಿಧೇಯನಾಗಿ ಸೆಟ್ಟು ತೆಗೆದು, ಪ್ಲಾಸ್ಟರು ಮೆತ್ತಿದ ಆ ಅಂಗೈ ಮೇಲೆ ಇಟ್ಟ. ಅವನ ಕೆನ್ನೆ ಎರಡೂ ಒಳಗೆ ಹೋದವು. ಕ್ಷಣದಲ್ಲಿ ಹತ್ತು ವರ್ಷ ಮುದುಕನಾದ.

ಆಚಾರ್ಯ: ಈಗ ಕೇಳು ಕ್ಷಮೆ. ಹೀಗೇ ಕೇಳು. ಹಲ್ಲು ಕಟ್ಟಿಸಿಕೊಳ್ಳೋವರೆಗೂ ನಾನು ಮಾತಾಡಿದ್ದು ಹೀಗೇ.

ಗಿರಾಕಿ ಮಫ್ಲರನ್ನು ಕೈಯಲ್ಲಿ ಹಿಂಡಿದ. ತಾಳ್ಮೆಯ ಮೇಲೆ ಅವನು ಮಾಡಿದ ಭಾಷಣಗಳಲ್ಲಿ ಒಂದಾದರೂ ಈಗ ಉಪಯೋಗಕ್ಕೆ ಬಂದಂತೆ ಕಾಣಲಿಲ್ಲ.

ಗಿರಾಕಿ: ಆ ಪತ್ರ ನಮ್ಮ ಮ್ಯಾನೇಜರ್ ಬರೆದಿದ್ದು. ನಾನು ಓದಲಿಲ್ಲ, ರುಜು ಹಾಕಿದೆ. ಅದೂ ತಪ್ಪೇ. ಆದ್ರೆ ಯಜಮಾನ್ರೇ, ಬೇರೆಯವರದು ಮರೆತಿದೀನಿ, ನಿಮ್ಮದು ಮರೆತಿಲ್ಲ. ನಿಮ್ಮ ಕಂಕುಳಲ್ಲಿ ತುತ್ತೂರಿ ಇತ್ತು. ನಾನು ಹೊಡೆದ ಏಟಿಗೆ ಅದು ಕೈಜಾರಿ ಚಿತ್ರಮಂದಿರದ ಮೆಟ್ಟಿಲ ಮೇಲೆ ಉರುಳ್ಕೊಂಡು ಹೋಯ್ತು. ಒಂದೊಂದು ಮೆಟ್ಟಿಲಿಗೂ ಒಂದೊಂದು ಥರ ಫದ್ದು. ನೀವು ಬಾಯಿ ಮುಚ್ಕೊಂಡಿರಲಿಲ್ಲ, ಕಿವಿ ಮುಚ್ಕೊಂಡಿದ್ರಿ. ಜೈಲಲ್ಲಿ ರಾತ್ರಿಯೆಲ್ಲ ನನಗೆ ಅದೇ ಫದ್ದು. ಹನ್ನೊಂದು ಮೆಟ್ಟಿಲು.

ಆಚಾರ್ಯ: ಹನ್ನೆರಡು.

ಗಿರಾಕಿ: ಕ್ಫಮಿಫಿ.

ಕಂಡಿಯಿಂದ ಗಾಳಿ ಹೊರಟು ಸಣ್ಣದೊಂದು ಸಿಳ್ಳೆಯಾಯಿತು. ಹೆಂಡತಿಯ ಕೈ ತಾನಾಗಿ ಕೊಡೆ ಹುಡುಕಿತು. ಆಚಾರ್ಯರು ಅವಳ ಕಡೆ ನೋಡಿದರು, ಅವಳು ಆಚಾರ್ಯರ ಕಡೆ.

ಆಚಾರ್ಯರು ತಿರುಗಿ ಸೆಟ್ಟನ್ನು ನೀರಿಗೆ ಹಾಕಿ, ಅಗತ್ಯವಿಲ್ಲದಿದ್ದರೂ ಎರಡು ಸಲ ತೊಳೆದರು.

ಆಚಾರ್ಯ: ತಗೋ, ಹಾಕ್ಕೋ. ಎಡಗಡೆ ಸ್ವಲ್ಪ ಎತ್ತರ ಇದೆ ಅನ್ಸುತ್ತೆ, ಉಜ್ಜಿ ಕೊಡ್ತೀನಿ. (ಭಾವಮೈದನಿಗೆ) ಹೊಡಿಯೋ. ಆಕ್ಷೇಪಣೆ ಇಲ್ಲ.

ಹೆಂಡತಿ: ಆಕ್ಷೇಪಣೆ ಇದೆ!

ಮೂವರೂ ಬೆಚ್ಚಿ ಅವಳ ಕಡೆ ತಿರುಗಿದರು. ಅವಳು ಸೊಂಟಕ್ಕೆ ಕೈಕೊಟ್ಟು ಪೋಸ್ಟರಿನ ಮೇಲೆ ನಿಂತಿದ್ದಳು.

ಭಾವಮೈದ: ಅಕ್ಕ, ಬೆಳಗ್ಗಿಂದ ನೀನೇ ತಾನೆ...

ಹೆಂಡತಿ: ಬೆಳಿಗ್ಗೆ ನನಗೆ ವಿಷಯ ಗೊತ್ತಿರಲಿಲ್ಲ. ಇವರನ್ನ ಕ್ಷಮಿಸಕೂಡದು. ಇಪ್ಪತ್ನಾಲ್ಕು ವರ್ಷ ಮೋಸ ಮಾಡಿದಾರೆ ನನಗೆ!

ಗಿರಾಕಿ: ಅಮ್ಮ, ನಿಮಗೆ ನಾನೇನು ಮಾಡಿದೆ?

ಹೆಂಡತಿ: ನಕ್ಕಿದೀರ! ನಮ್ಮನೆಯವರ ಹಲ್ಲಿಟ್ಟುಕೊಂಡು ಊರು ತುಂಬ ನಕ್ಕಿದೀರ. ಆ ನಗು ತೋರಿಸಿ ತೋರಿಸಿ ನಾನು ಇವರನ್ನ ಬೈದಿದೀನಿ. ಅದು ಇವರದೇ ಅಂತ ಒಂದು ಮಾತು ಹೇಳಿದ್ರಾ?

ಆಚಾರ್ಯ: ಹೋಗ್ಲಿ ಬಿಡೇ, ಗೊತ್ತಿಲ್ಲದೆ ಆಗಿದ್ದು. ನಮ್ಮ ಹಳೇ ಗಿರಾಕಿ. ಮನುಷ್ಯ ಒಳ್ಳೆಯವರು, ವರ್ಷಕ್ಕೆ ನಾಲ್ಕು ಸಲ ರಕ್ತ ಕೊಡ್ತಾರೆ.

ಹೆಂಡತಿ: ಕೊಡ್ಲಿ! ಹಾಗಾದ್ರೆ ನಾನು ಬೈದಿದ್ದೆಲ್ಲ ಏನಾಗ್ಬೇಕು? ಇಪ್ಪತ್ನಾಲ್ಕು ವರ್ಷದ್ದು! ಅಷ್ಟನ್ನೂ ಈಗ ನಾನು ವಾಪಸ್ ತಗೋಬೇಕಾ? ಇವರ ಮುಂದೆ ನಿಂತು ತಪ್ಪಾಯ್ತು ಅನ್ಬೇಕಾ?

ಅವಳ ಆಕ್ಷೇಪಣೆಯ ಮೂಲ ಎಲ್ಲರಿಗೂ ತಿಳಿಯಿತು. ಆಚಾರ್ಯರಿಗೆ ಎಲ್ಲರಿಗಿಂತ ಮೊದಲು ತಿಳಿಯಿತು. ಫೋಟೋದಿಂದಾಚೆಗೆ ಯಾರೂ ನೋಡಿರದ ಒಂದು ಸಂಗತಿ ಅವರ ಮುಖದ ಮೇಲೆ ನಿಧಾನವಾಗಿ ಮೂಡಿತು. ಹಲ್ಲುಗಳು ನೆಟ್ಟಗಿದ್ದವು, ಸಿಪಾಯಿಗಳಂತೆಯೇ. ಆದರೆ ಅಷ್ಟೂ ಕಾಣಿಸಿದವು.

ಭಾವಮೈದ: (ಮೆಲ್ಲಗೆ ಹೊಸ ಹಾಳೆ ಸಿಕ್ಕಿಸುತ್ತ) ಅಕ್ಕ, ಐದಕ್ಕೆ ಇನ್ನೂ ಇಪ್ಪತ್ತು ನಿಮಿಷ ಇದೆ. ಭಾವನಿಗೆ ನಿನ್ನ ಕಡೆಯಿಂದಲೂ ಒಂದು ಕ್ಷಮಾಪಣೆ ಹೊಡೆದುಬಿಡ್ಲಾ?

ಆಚಾರ್ಯ: ಹೊಸ ಹಾಳೆ ಹಾಳು ಮಾಡಬೇಡ.

ಅವರು ಮೇಜಿನ ಮೇಲಿದ್ದ ನಟನ ಪತ್ರ ಎತ್ತಿಕೊಂಡರು. ಕೆಳಗಿದ್ದ ರುಜುವನ್ನು ಪೆನ್ಸಿಲ್ಲಿನಿಂದ ನೀಟಾಗಿ ಹೊಡೆದುಹಾಕಿ, ಹೆಂಡತಿಯ ಕುರ್ಚಿಯ ಮುಂದೆ ಹರವಿ, ಕೈಗೆ ಪೆನ್ನು ಕೊಟ್ಟರು.

ಆಚಾರ್ಯ: ಒಂದಕ್ಷರ ತಿದ್ದೋದು ಬೇಡ. "ನನ್ನಿಂದ ತಮ್ಮ ಎಡಗಿವಿಗೆ ಆದ ನೋವಿಗಾಗಿ..." ಸರಿಯಾಗೇ ಇದೆ. ಹಾಕು ರುಜು.